ಒಂದೇ ಎತ್ತರದ ಟೈರ್, ಬೇರೆ ಬೇರೆ ರಿಮ್: ದುರ್ಗಮ ಹಾದಿಯ ವಾಹನಕ್ಕೆ ಯಾವ ಅಳತೆ ಸರಿ?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ಲ್ಯಾಡರ್ ಫ್ರೇಮ್ (ಏಣಿಯಾಕಾರದ ಉಕ್ಕಿನ ಚೌಕಟ್ಟು) ಮೇಲೆ ಕಟ್ಟಿದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ತಲುಪಿಸುವ ಹೊಸ ವಾಹನವೊಂದನ್ನು ಕೊಳ್ಳಲು ನಿರ್ಧರಿಸಿದ್ದೇನೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವೂ ಒಂದೇ ಆಗಿದ್ದರೂ ಅದು ಎರಡು ಬಗೆಯ ಚಕ್ರಗಳಲ್ಲಿ ಸಿಗುತ್ತದೆ. ಆರಂಭದ ಶ್ರೇಣಿಗೆ 17 ಇಂಚಿನ ರಿಮ್ ಮತ್ತು 265/65 ಆರ್17 ಟೈರ್. ಮೇಲಿನ ಶ್ರೇಣಿಗೆ 20 ಇಂಚಿನ ರಿಮ್ ಮತ್ತು 265/50 ಆರ್20 ಟೈರ್. ನನ್ನ ಓಡಾಟದ ಬಹುಪಾಲು ಡಾಂಬರು ರಸ್ತೆಯಲ್ಲೇ ನಡೆಯುತ್ತದೆ. ಆದರೆ ಈ ವಾಹನವನ್ನು ಕೊಳ್ಳುತ್ತಿರುವುದು ಉಳಿದ ಸಣ್ಣ ಪಾಲಿಗಾಗಿ: ಕಲ್ಲುಗಳು ಎದ್ದು ನಿಂತ ಏರು, ಸಡಿಲ ಮರಳು, ಮಳೆಯ ನಂತರದ ಕೆಸರು.

ಎರಡು ಶ್ರೇಣಿಗಳನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಎತ್ತರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಿದ್ದರೆ ಇದು ಬರಿಯ ಅಂದಚೆಂದದ ಪ್ರಶ್ನೆಯೇ? ದುರ್ಗಮ ಹಾದಿಗೆಂದೇ ಮಾಡಿದ ವಾಹನಗಳಿಗೆ ತಯಾರಕರು ಏಕೆ ಇಷ್ಟು ದೊಡ್ಡ ರಿಮ್ ಕೊಡುತ್ತಿದ್ದಾರೆ? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿಸುತ್ತೇನೆ.

ಅಳತೆಪಟ್ಟಿ:

ಎತ್ತರದಲ್ಲಿ ವ್ಯತ್ಯಾಸ ಕಾಣದಿರುವುದು ಸಹಜ, ಏಕೆಂದರೆ ಹೊರವ್ಯಾಸ ಬದಲಾಗದಂತೆ ನೋಡಿಕೊಂಡೇ ಆ ಎರಡು ಅಳತೆಗಳನ್ನು ಆರಿಸಿರುತ್ತಾರೆ. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಸೈಡ್‌ವಾಲ್‌ನ, ಅಂದರೆ ರಿಮ್‌ನಿಂದ ಹೊರ ಅಂಚಿನವರೆಗಿನ ಟೈರಿನ ಪಕ್ಕದ ಗೋಡೆಯ, ಎತ್ತರ ಎಂಬುದು. ಕೊನೆಯದು ಇಂಚಿನಲ್ಲಿ ರಿಮ್‌ನ ವ್ಯಾಸ. 265 ಮಿಲಿಮೀಟರ್ ಅಗಲವನ್ನೇ ಹಿಡಿದು ನಾಲ್ಕು ಅಳತೆಗಳನ್ನು ಹೋಲಿಸಿ ನೋಡಿ.

265/70 ಆರ್16 ಟೈರಿನ ಹೊರವ್ಯಾಸ ಸುಮಾರು 777 ಮಿಲಿಮೀಟರ್, 265/65 ಆರ್17 ಮತ್ತು 265/60 ಆರ್18 ಟೈರುಗಳದು 776 ಮತ್ತು 775, 265/50 ಆರ್20 ಟೈರಿನದು 773. ನಾಲ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಸೈಡ್‌ವಾಲ್ ಅದೇ ಕ್ರಮದಲ್ಲಿ 185, 172, 159 ಮತ್ತು 132 ಮಿಲಿಮೀಟರಿಗೆ ಇಳಿಯುತ್ತ ಹೋಗುತ್ತದೆ. ನಿಮ್ಮ ಎರಡು ಆಯ್ಕೆಗಳ ನಡುವೆ ಸುಮಾರು 40 ಮಿಲಿಮೀಟರ್ ರಬ್ಬರ್ ಮಾಯವಾಗಿ ಆ ಜಾಗಕ್ಕೆ ಲೋಹ ಬಂದಿದೆ.

ಇಷ್ಟರಲ್ಲೇ ಲೆಕ್ಕ ಮುಗಿಯುವುದಿಲ್ಲ. ಸೈಡ್‌ವಾಲ್ ಎಂದು ಕಾಗದದ ಮೇಲೆ ಬರುವ ಎತ್ತರವೆಲ್ಲ ಬಾಗಲು ಸಿಗುವುದಿಲ್ಲ. ರಿಮ್‌ನ ಅಂಚು ಸುಮಾರು 17 ಮಿಲಿಮೀಟರಿನಷ್ಟು ಮೇಲೆದ್ದಿರುತ್ತದೆ. ನೆಲ ಮುಟ್ಟುವ ಕಡೆ ಟ್ರೆಡ್ (ಗೀರುಗಳಿರುವ ಹೊರಪದರ) ಮತ್ತು ಅದರ ಒಳಗಿನ ಉಕ್ಕಿನ ಪದರಗಳು ಸೇರಿ ಇನ್ನೊಂದು 15ರಿಂದ 20 ಮಿಲಿಮೀಟರ್ ತಿನ್ನುತ್ತವೆ. ಉಳಿಯುವುದು 17 ಇಂಚಿನ ಚಕ್ರದಲ್ಲಿ ಸುಮಾರು 135, 20 ಇಂಚಿನ ಚಕ್ರದಲ್ಲಿ ಸುಮಾರು 95 ಮಿಲಿಮೀಟರ್. ಒಂದು ಕಲ್ಲು ಟೈರನ್ನು ಒಳಕ್ಕೆ ಒತ್ತಿದಾಗ ಅದಕ್ಕೂ ರಿಮ್‌ಗೂ ನಡುವೆ ಇರುವ ರಕ್ಷಣೆ ಇಷ್ಟೇ.

ಕಲ್ಲುಹಾದಿ:

ಅಳತೆಪಟ್ಟಿಯವರು ಹೇಳಿದ ಆ ಕೊನೆಯ ಮಾತನ್ನೇ ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಈ ಇಡೀ ಚರ್ಚೆಯ ತಿರುಳು ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಕಲ್ಲು, ಮರಳು, ಕೆಸರು ಯಾವುದೇ ಇರಲಿ, ದಾರಿ ಬಿಟ್ಟು ಇಳಿದವರು ಮೊದಲು ಮಾಡುವ ಕೆಲಸ ಟೈರಿನ ಗಾಳಿ ಇಳಿಸುವುದು. ಹೊರೆಯನ್ನು ಒತ್ತಡದಿಂದ ಭಾಗಿಸಿದರೆ ಟೈರ್ ನೆಲವನ್ನು ಮುಟ್ಟುವ ಜಾಗದ ಅಂದಾಜು ಸಿಗುತ್ತದೆ. ಒಂದು ಚಕ್ರದ ಮೇಲೆ 600 ಕಿಲೋಗ್ರಾಂ ಹೊರೆ ಇದೆಯೆಂದುಕೊಳ್ಳೋಣ. 34 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಗಾಳಿಯ ಅಳತೆ) ಒತ್ತಡದಲ್ಲಿ ಆ ಜಾಗ ಸರಿಸುಮಾರು 250 ಚದರ ಸೆಂಟಿಮೀಟರ್. 18 ಪಿಎಸ್‌ಐಗೆ ಇಳಿಸಿದರೆ ಸರಿಸುಮಾರು 470. ಸೈಡ್‌ವಾಲ್‌ನ ಸ್ವಂತ ಬಿಗಿತವೂ ಹೊರೆಯ ಒಂದಷ್ಟನ್ನು ಹೊರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ, ಆದರೆ ದಿಕ್ಕು ಇದೇ. ಹೀಗೆ ಹೆಚ್ಚುವ ಜಾಗದ ಬಹುಭಾಗ ಉದ್ದಕ್ಕೆ ಸೇರುತ್ತದೆ, ಅಗಲಕ್ಕೆ ಸೇರುವುದು ಸ್ವಲ್ಪ. ಉದ್ದ ಹೆಚ್ಚಿದ ಟೈರ್ ಕಲ್ಲಿನ ಮೇಲೆ ತನ್ನನ್ನು ಹೊಂದಿಸಿಕೊಂಡು ಹಿಡಿತ ಪಡೆಯುತ್ತದೆ. ಮರಳಿನಲ್ಲಿ ಹೂತುಹೋಗದೆ ತೇಲುತ್ತದೆ.

ಆದರೆ ಗಾಳಿ ಇಳಿಸಲು ಬಾಗುವ ರಬ್ಬರ್ ಬೇಕು. ಗಿಡ್ಡ ಸೈಡ್‌ವಾಲ್‌ನ ಟೈರಿನಲ್ಲಿ ಒತ್ತಡ ಇಳಿಸುತ್ತ ಹೋದಂತೆ ಬಹುಬೇಗ ರಿಮ್‌ನ ಅಂಚು ನೆಲಕ್ಕೆ ಹತ್ತಿರವಾಗುತ್ತದೆ. ಆಗ ಒಂದು ಚೂಪುಗಲ್ಲು ತಾಗಿದರೆ ಸೈಡ್‌ವಾಲ್ ಕಲ್ಲಿಗೂ ಲೋಹಕ್ಕೂ ನಡುವೆ ಸಿಕ್ಕು ಸೀಳಿಹೋಗುತ್ತದೆ, ಇಲ್ಲವೇ ರಿಮ್ ಬಾಗುತ್ತದೆ ಅಥವಾ ಬಿರಿಯುತ್ತದೆ. ಟ್ರೆಡ್ಡಿಗೆ ಮೊಳೆ ಚುಚ್ಚಿದ ಪಂಕ್ಚರ್ ಆದರೆ ದಾರಿಯಲ್ಲೇ ಪ್ಲಗ್ ಹಾಕಿ ಮುಂದುವರಿಯಬಹುದು. ಸೀಳಿದ ಸೈಡ್‌ವಾಲ್‌ಗೆ ಅಂಥ ನಂಬಿಕೆಯ ಪರಿಹಾರವಿಲ್ಲ. ನಿಮ್ಮ ಓಡಾಟದಲ್ಲಿ ಕಲ್ಲು ಇದೆ ಎಂದು ನೀವೇ ಬರೆದಿದ್ದೀರಿ. ಆದ್ದರಿಂದ 17 ಇಂಚಿನದನ್ನೇ ಕೊಳ್ಳಿ.

ಗ್ಯಾರೇಜಿನವನು:

ತಯಾರಕರು ದೊಡ್ಡ ರಿಮ್ ಕೊಡುವುದಕ್ಕೆ ಅಂದ ಒಂದು ಕಾರಣವೆಂಬುದು ನಿಜ, ಆದರೆ ಅದೊಂದೇ ಕಾರಣವೆಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಇಂದಿನ ಈ ವರ್ಗದ ವಾಹನಗಳು ಎರಡು ಟನ್ ಮೀರಿ ತೂಗುತ್ತವೆ, ಹಿಂದಿನ ತಲೆಮಾರಿನವುಗಳಿಗಿಂತ ಹೆಚ್ಚು ವೇಗವಾಗಿ ಓಡುತ್ತವೆ, ಅಷ್ಟೇ ಬೇಗ ನಿಲ್ಲಲೂ ಬೇಕು. ನಿಲ್ಲಬೇಕಾದರೆ ದೊಡ್ಡ ಬ್ರೇಕ್ ಡಿಸ್ಕ್ ಬೇಕು, ಅದನ್ನು ಹಿಡಿಯುವ ದಪ್ಪ ಕ್ಯಾಲಿಪರ್ ಬೇಕು, ಅವೆರಡೂ ರಿಮ್‌ನ ಒಳಗೇ ಕೂರಬೇಕು. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್ 16 ಇಂಚಿನ ರಿಮ್‌ನಲ್ಲಿ ಓಡುತ್ತಿತ್ತು. 2019ರಲ್ಲಿ ಬಂದ ಹೊಸ ಡಿಫೆಂಡರ್‌ನ ಅತಿ ಚಿಕ್ಕ ರಿಮ್ 18 ಇಂಚು, ದೊಡ್ಡದು 22.

ಆದ್ದರಿಂದ ಒಂದು ಎಚ್ಚರಿಕೆ ಹೇಳಬೇಕು. 20 ಇಂಚಿನ ಶ್ರೇಣಿಯನ್ನು ಕೊಂಡು ಆಮೇಲೆ 17 ಇಂಚಿನ ರಿಮ್ ಹಾಕಿಸಿಕೊಂಡರಾಯಿತು ಎಂದು ಎಣಿಸಬೇಡಿ. ಮೇಲಿನ ಶ್ರೇಣಿಗೆ ದೊಡ್ಡ ಬ್ರೇಕ್ ಕೊಟ್ಟಿದ್ದರೆ ಚಿಕ್ಕ ರಿಮ್ ಕ್ಯಾಲಿಪರಿಗೆ ತಾಗುತ್ತದೆ. ಬೋಲ್ಟ್‌ಗಳ ಅಂತರ ಹೊಂದಿದ ಮಾತ್ರಕ್ಕೆ ರಿಮ್ ಹೊಂದಿತೆಂದು ಅರ್ಥವಲ್ಲ. ಅದೇ ವಾಹನದ, ಅದೇ ಬ್ರೇಕಿನ ಮೇಲೆ ತಯಾರಕರೇ ಕೊಡುವ ಅತಿ ಚಿಕ್ಕ ರಿಮ್ ಯಾವುದೆಂದು ಕೈಪಿಡಿಯಲ್ಲಿ ನೋಡಿ. ಅದಕ್ಕಿಂತ ಕೆಳಗಿಳಿಯುವ ಮುನ್ನ ಕ್ಯಾಲಿಪರಿನ ಸುತ್ತ ಅಳತೆ ತೆಗೆದು ನೋಡಲೇಬೇಕು.

ಹೆದ್ದಾರಿ:

ಎಲ್ಲರೂ ಒಂದೇ ಕಡೆಗೆ ವಾಲುತ್ತಿರುವುದರಿಂದ ಎದುರು ಮಾತೊಂದನ್ನು ಇಡುತ್ತೇನೆ. ರಿಮ್ ದೊಡ್ಡದಾದ ಮಾತ್ರಕ್ಕೆ ವಾಹನ ದುರ್ಗಮ ಹಾದಿಗೆ ಸಲ್ಲದು ಎಂಬ ಮಾತು ಪೂರ್ಣ ಸತ್ಯವಲ್ಲ. 2024ರಲ್ಲಿ ಪ್ರಕಟವಾದ ಡಿಫೆಂಡರ್ ಆಕ್ಟಾ 20 ಇಂಚಿನ ರಿಮ್‌ನ ಮೇಲೆ 275/60 ಆರ್20 ಟೈರ್ ತೊಡುತ್ತದೆ; ಅದರ ಸೈಡ್‌ವಾಲ್ 165 ಮಿಲಿಮೀಟರ್. ವಿದ್ಯುತ್ ಚಾಲಿತ ರಿವಿಯನ್ ಆರ್1ಟಿಗೆ ಸಿಗುವ 275/65 ಆರ್20 ಟೈರಿನಲ್ಲಿ ಅದು ಸುಮಾರು 179 ಮಿಲಿಮೀಟರ್, ಅಂದರೆ ನಿಮ್ಮ 17 ಇಂಚಿನ ಆಯ್ಕೆಗಿಂತಲೂ ಹೆಚ್ಚು. ಇನ್ನೊಂದು ಕಡೆ, ಹೆಸರುವಾಸಿಯಾದ ಪುಟ್ಟ ಸುಜುಕಿ ಜಿಮ್ನಿಯ 195/80 ಆರ್15 ಟೈರಿನಲ್ಲಿ ಸೈಡ್‌ವಾಲ್ 156 ಮಿಲಿಮೀಟರ್ ಮಾತ್ರ. ರಿಮ್‌ನ ಇಂಚುಗಳನ್ನಷ್ಟೇ ಎಣಿಸುವವರು ಈ ಮೂರನ್ನೂ ತಪ್ಪಾಗಿ ಅಳೆಯುತ್ತಾರೆ.

ಜೊತೆಗೆ, ಗಿಡ್ಡ ಸೈಡ್‌ವಾಲ್‌ಗೂ ತನ್ನದೇ ಗುಣವಿದೆ. ಸ್ಟಿಯರಿಂಗ್ ತಿರುಗಿಸಿದ ಕ್ಷಣವೇ ವಾಹನ ತಿರುಗುತ್ತದೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿಕೊಳ್ಳುವುದು ಕಡಿಮೆ. ಬಹುಪಾಲು ಡಾಂಬರಿನ ಮೇಲೇ ಓಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೇ?

ಕಲ್ಲುಹಾದಿ:

ಹೆದ್ದಾರಿಯವರ ಮಾತಿನ ಮೊದಲ ಭಾಗವನ್ನು ಪೂರ್ಣವಾಗಿ ಒಪ್ಪುತ್ತೇನೆ. ಅಳೆಯಬೇಕಾದದ್ದು ಸೈಡ್‌ವಾಲ್, ರಿಮ್ ಅಲ್ಲ. ಜಿಮ್ನಿಯ ವಿಷಯದಲ್ಲಿ ಅದರ ತೂಕವನ್ನೂ ಸೇರಿಸಿ ನೋಡಬೇಕು: ಸುಮಾರು 1,100 ಕಿಲೋಗ್ರಾಂ ತೂಗುವ ವಾಹನಕ್ಕೆ ಸಾಕಾಗುವ ರಬ್ಬರ್ ಅದರ ಎರಡು ಪಟ್ಟು ತೂಗುವ ವಾಹನಕ್ಕೆ ಸಾಕಾಗುವುದಿಲ್ಲ. ಆದರೆ ಆಕ್ಟಾ ಮತ್ತು ರಿವಿಯನ್‌ಗೆ ಅಷ್ಟು ಸೈಡ್‌ವಾಲ್ ದಕ್ಕಿರುವುದು ಅವುಗಳ ಹೊರವ್ಯಾಸ 33 ಮತ್ತು 34 ಇಂಚು ಇರುವುದರಿಂದ. ಅಷ್ಟು ದೊಡ್ಡ ಚಕ್ರಕ್ಕೆ ಜಾಗವಿರುವಂತೆ ಅವುಗಳನ್ನು ರೂಪಿಸಲಾಗಿದೆ. ಪ್ರಶ್ನೆ ಕೇಳಿದವರ ವಾಹನದ ಹೊರವ್ಯಾಸ 30.5 ಇಂಚು. ಅಷ್ಟರೊಳಗೆ ರಿಮ್ ದೊಡ್ಡದಾದರೆ ಸೈಡ್‌ವಾಲ್ ಗಿಡ್ಡವಾಗದೆ ಬೇರೆ ದಾರಿಯಿಲ್ಲ.

ದುರ್ಗಮ ಹಾದಿಯನ್ನೇ ಮುಖ್ಯವಾಗಿ ಎಣಿಸಿ ಮಾಡಿದ ಶ್ರೇಣಿಗಳನ್ನು ಗಮನಿಸಿ. ಜೀಪ್ ರ‍್ಯಾಂಗ್ಲರ್ ರೂಬಿಕಾನ್ 285/70 ಆರ್17 ಟೈರಿನೊಂದಿಗೆ ಬರುತ್ತದೆ, ಅದೇ ರ‍್ಯಾಂಗ್ಲರ್‌ನ ರಸ್ತೆಗೆ ಹೊಂದುವ ಸಹಾರಾ ಶ್ರೇಣಿ 18 ಇಂಚಿನ ರಿಮ್‌ನೊಂದಿಗೆ. ಫೋರ್ಡ್ ಬ್ರಾಂಕೋದ ಸ್ಯಾಸ್ಕ್ವಾಚ್ ಪ್ಯಾಕೇಜಿನಲ್ಲಿ 35 ಇಂಚಿನ ಟೈರ್ ಇದ್ದರೂ ರಿಮ್ 17 ಇಂಚಿನದೇ. ಅದೇ ತಯಾರಕರು ತಮ್ಮ ಬೇರೆ ವಾಹನಗಳಿಗೆ 20, 22 ಇಂಚಿನ ರಿಮ್ ಕೊಡುತ್ತಾರೆ. ಹಾದಿಯೇ ಮುಖ್ಯವಾದಾಗ ಅವರೇ ಚಿಕ್ಕ ರಿಮ್‌ಗೆ ಹಿಂತಿರುಗುತ್ತಾರೆ ಎಂಬುದು ನನಗೆ ಬಹಳ ಮಹತ್ವದ ಸಾಕ್ಷಿಯಾಗಿ ಕಾಣುತ್ತದೆ.

ಮಣ್ಣುದಾರಿ:

ಇಷ್ಟು ವಿವರಕ್ಕೆ ಎಲ್ಲರಿಗೂ ಧನ್ಯವಾದಗಳು. 17 ಇಂಚಿನ ಕಡೆಗೆ ಮನಸ್ಸು ನಿಂತಿದೆ. ಈಗ ಮುಂದಿನ ಪ್ರಶ್ನೆ. ಅದೇ ರಿಮ್‌ನ ಮೇಲೆ ರೂಬಿಕಾನ್‌ನ 285/70 ಆರ್17 ಹಾಕಿಸಿದರೆ ಸೈಡ್‌ವಾಲ್ ಇನ್ನೂ ಹೆಚ್ಚುತ್ತದೆ, ವಾಹನವೂ ಎತ್ತರವಾಗುತ್ತದೆ. ಏಕೆ ಹಾಕಿಸಬಾರದು?

ಅಳತೆಪಟ್ಟಿ:

ಮೊದಲು ಲಾಭವನ್ನು ಹೇಳಿಬಿಡುತ್ತೇನೆ. ಹೊರವ್ಯಾಸ 776ರಿಂದ 831 ಮಿಲಿಮೀಟರಿಗೆ ಏರುತ್ತದೆ. ಅದರ ಅರ್ಧ, ಅಂದರೆ 27 ಮಿಲಿಮೀಟರಿನಷ್ಟು ವಾಹನ ಮೇಲೇಳುತ್ತದೆ. ಇದು ಕಡಿಮೆಯಲ್ಲ. ಹಿಂಬದಿಯಲ್ಲಿ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ದಿಂಡು) ಇರುವ ವಾಹನಗಳಲ್ಲಿ ಎಷ್ಟೇ ಎತ್ತರದ ಸ್ಪ್ರಿಂಗ್ ಹಾಕಿದರೂ ಅದರ ನಡುವೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಗುಂಡು ಭಾಗ ನೆಲದಿಂದ ಒಂದು ಮಿಲಿಮೀಟರೂ ಮೇಲೇಳುವುದಿಲ್ಲ; ಅದನ್ನು ಎತ್ತಬಲ್ಲದ್ದು ಟೈರ್ ಮಾತ್ರ. ಚಕ್ರ ದೊಡ್ಡದಾದಷ್ಟೂ ಮೆಟ್ಟಿಲಿನಂಥ ಅಡ್ಡಿಯನ್ನು ಹತ್ತುವುದೂ ಸುಲಭವಾಗುತ್ತದೆ.

ನಷ್ಟದ ಪಟ್ಟಿ ಇದಕ್ಕಿಂತ ಉದ್ದವಾಗಿದೆ. ಹೊರವ್ಯಾಸ ಶೇಕಡಾ 7ರಷ್ಟು ಹೆಚ್ಚಿದರೆ ಪ್ರತಿಯೊಂದು ಗೇರೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತದೆ, ಅಂದರೆ ಎಂಜಿನ್ನಿನ ಒಂದೊಂದು ಸುತ್ತಿಗೂ ವಾಹನ ಹೆಚ್ಚು ದೂರ ಸಾಗುತ್ತದೆ. ಆಕ್ಸಲ್‌ನ ಅನುಪಾತ (ಚಕ್ರದ ಒಂದು ಸುತ್ತಿಗೆ ಚಾಲನಾ ದಂಡ ತಿರುಗುವ ಸುತ್ತುಗಳು) 3.9 ಇದ್ದರೆ ಅದು 3.64ರಂತೆ ವರ್ತಿಸುತ್ತದೆ. ಬಂಡೆಗಳ ಮೇಲೆ ನಿಧಾನವಾಗಿ ತೆವಳಬೇಕಾದಾಗ ವಾಹನ ಸ್ವಲ್ಪ ಹೆಚ್ಚು ವೇಗವಾಗಿ ಸಾಗುತ್ತದೆ, ಎಂಜಿನ್ನಿಗೆ ಹೊರೆ ಹೆಚ್ಚುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿಯುವುದು ಕಡಿಮೆಯಾಗುತ್ತದೆ. ಬ್ರೇಕಿಗೂ ಇದೇ ಕಷ್ಟ: ಅದೇ ಡಿಸ್ಕ್ ಈಗ ಹೆಚ್ಚು ಉದ್ದದ ಸನ್ನೆಯ ವಿರುದ್ಧ ದುಡಿಯಬೇಕು, ಜೊತೆಗೆ ತಿರುಗುತ್ತಿರುವ ಚಕ್ರದ ತೂಕವೂ ಹೆಚ್ಚಿರುತ್ತದೆ.

ಸ್ಪೀಡೋಮೀಟರ್ 80 ತೋರಿಸುವಾಗ ನಿಜವಾದ ವೇಗ ಮೊದಲಿಗಿಂತ ಶೇಕಡಾ 7ರಷ್ಟು ಹೆಚ್ಚಿರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೆಯ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ಅದೂ ನಿಜವೇಗದ ಹತ್ತನೇ ಒಂದು ಭಾಗಕ್ಕೆ ಗಂಟೆಗೆ 4 ಕಿಲೋಮೀಟರ್ ಸೇರಿಸಿದಷ್ಟರ ಮಿತಿಯೊಳಗೆ. ಈ ಕಾರಣಕ್ಕೆ ತಯಾರಕರು ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ತೋರಿಸುವಂತೆ ಹೊಂದಿಸಿರುತ್ತಾರೆ, ನೀವು ಹಾಕಿಸುವ ದೊಡ್ಡ ಟೈರ್ ಆ ಅಂತರವನ್ನು ನುಂಗಿಹಾಕುತ್ತದೆ. ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಹೊಸ ಅಳತೆಯನ್ನು ತಿಳಿಸಿಕೊಡುವ ಅವಕಾಶ ನಿಮ್ಮ ವಾಹನದಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಗ್ಯಾರೇಜಿನವನು:

ಟೈರ್ ಹಿಡಿಸುತ್ತದೆಯೇ ಎಂಬುದನ್ನು ವಾಹನ ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ ನೋಡಿ ತೀರ್ಮಾನಿಸಬಾರದು. ಸ್ಟಿಯರಿಂಗನ್ನು ಒಂದು ಕೊನೆಗೆ ತಿರುಗಿಸಿ, ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಾಗ ನೋಡಬೇಕು. ಸಾಮಾನ್ಯವಾಗಿ ತಾಗುವುದು ಮುಂಚಕ್ರದ ಹಿಂಭಾಗದ ಒಳಗವಚಕ್ಕೆ ಮತ್ತು ಬಂಪರಿನ ಕೆಳತುದಿಗೆ. ನಿಂತಾಗ ಎರಡು ಬೆರಳು ಜಾಗ ಕಂಡದ್ದು ಹಾದಿಯಲ್ಲಿ ಇಲ್ಲವಾಗುತ್ತದೆ.

ಈ ತಾಗುವಿಕೆಯನ್ನು ತಪ್ಪಿಸಲು ಹಲವರು ಆಫ್‌ಸೆಟ್ ಕಡಿಮೆ ಇರುವ ರಿಮ್ ಹಾಕಿಸಿ ಚಕ್ರವನ್ನು ಹೊರಕ್ಕೆ ತಳ್ಳುತ್ತಾರೆ. ಆಫ್‌ಸೆಟ್ ಎಂದರೆ ರಿಮ್‌ನ ಅಗಲದ ನಟ್ಟನಡುವಿನ ರೇಖೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ಇರುವ ದೂರ. 30 ಇದ್ದದ್ದನ್ನು ಸೊನ್ನೆ ಮಾಡಿದರೆ ಪ್ರತಿ ಚಕ್ರವೂ 30 ಮಿಲಿಮೀಟರ್ ಹೊರಗೆ ನಿಲ್ಲುತ್ತದೆ. ಒಳಗೆ ಸಸ್ಪೆನ್ಷನ್ ತೋಳಿಗೆ ತಾಗುವುದು ತಪ್ಪುತ್ತದೆ, ನಿಜ. ಆದರೆ ತಿರುಗುವಾಗ ಚಕ್ರ ಬೀಸುವ ವೃತ್ತ ದೊಡ್ಡದಾಗಿ ಬಂಪರಿಗೆ ತಾಗುವುದು ಹೆಚ್ಚುತ್ತದೆ. ವೀಲ್ ಬೇರಿಂಗ್ ಮತ್ತು ಬಾಲ್ ಜಾಯಿಂಟ್‌ಗಳ ಮೇಲೆ ಸನ್ನೆಯ ಹೊರೆ ಹೆಚ್ಚುತ್ತದೆ, ಕಲ್ಲಿಗೆ ಒಂದು ಚಕ್ರ ತಾಗಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಕೆಲವು ಮಿಲಿಮೀಟರುಗಳ ಬದಲಾವಣೆಯನ್ನು ವಾಹನ ಸಹಿಸುತ್ತದೆ. ಹಬ್‌ಗೂ ರಿಮ್‌ಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಇಟ್ಟು ಚಕ್ರವನ್ನು ಮಡ್‌ಗಾರ್ಡ್ ದಾಟಿಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಮರಳುದಿಬ್ಬ:

ಇಲ್ಲಿಯವರೆಗೆ ಎಲ್ಲರೂ ಎತ್ತರದ ಬಗ್ಗೆ ಬರೆದಿದ್ದಾರೆ; ಅಗಲದ ಬಗ್ಗೆಯೂ ಸ್ವಲ್ಪ ಹೇಳಬೇಕು. ಮರಳಿಗೆ ಅಗಲವಾದ ಟೈರೇ ಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಅಗಲದಿಂದ ತೇಲುವ ಗುಣ ಹೆಚ್ಚುವುದು ನಿಜವಾದರೂ ಅಗಲವಾದ ಟೈರ್ ತನ್ನ ಮುಂದೆ ಮರಳಿನ ಅಗಲವಾದ ಗುಡ್ಡೆಯನ್ನೂ ತಳ್ಳಿಕೊಂಡು ಹೋಗಬೇಕಾಗುತ್ತದೆ. ಅದೇ ಜಾಗ ಉದ್ದದಿಂದ ಸಿಕ್ಕಿದರೆ ತಳ್ಳಬೇಕಾದ ಮರಳು ಕಡಿಮೆ. ಆದ್ದರಿಂದ ಎತ್ತರವಾದ, ಮಧ್ಯಮ ಅಗಲದ ಟೈರಿನಿಂದ ಗಾಳಿ ಇಳಿಸುವುದು ಮರಳಿನಲ್ಲಿ ಅಗಲವನ್ನು ಹೆಚ್ಚಿಸುವುದಕ್ಕಿಂತ ಉತ್ತಮ ಫಲ ಕೊಡುತ್ತದೆ.

ಕೆಸರಿನಲ್ಲಿ ಉತ್ತರ ಆಳವನ್ನು ಅವಲಂಬಿಸುತ್ತದೆ. ಮೇಲೆ ಒಂದು ಗೇಣು ಕೆಸರು, ಕೆಳಗೆ ಗಟ್ಟಿ ನೆಲ ಇದ್ದರೆ ಕಿರಿದಾದ ಟೈರ್ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲವನ್ನು ಹಿಡಿಯುತ್ತದೆ. ತಳವೇ ಸಿಗದಂಥ ಮೆತ್ತನೆಯ ನೆಲವಾದರೆ ತೇಲುವುದೊಂದೇ ಉಪಾಯ. ಈ ಎರಡನೆಯ ತತ್ತ್ವದ ಪರಮಾವಧಿಯನ್ನು ಐಸ್‌ಲ್ಯಾಂಡ್‌ನಲ್ಲಿ ಕಾಣಬಹುದು. ಅಲ್ಲಿನ ಆರ್ಕ್ಟಿಕ್ ಟ್ರಕ್ಸ್ ಸಂಸ್ಥೆ ಹಿಮನದಿಗಳ ಮೇಲೆ ಓಡಿಸಲು 38 ಮತ್ತು 44 ಇಂಚಿನ ಟೈರುಗಳನ್ನು ತೊಡಿಸುತ್ತದೆ. ಆಳವಾದ ಹಿಮದಲ್ಲಿ ಗಾಳಿಯನ್ನು 2–3 ಪಿಎಸ್‌ಐವರೆಗೂ ಇಳಿಸಿ ಸಾಗುತ್ತಾರೆ. ಅಂಥ ಒತ್ತಡದಲ್ಲಿ ಟೈರ್ ರಿಮ್‌ನಿಂದ ಕಳಚಿಕೊಳ್ಳದಂತೆ ಅದರ ಅಂಚನ್ನು ಬಿಗಿದು ಹಿಡಿಯುವ ಬೀಡ್‌ಲಾಕ್‌ನಂಥ ವಿಶೇಷ ಏರ್ಪಾಡು ಇರಬೇಕು. ಸಾಮಾನ್ಯ ರಿಮ್‌ನಲ್ಲಿ ಅದನ್ನು ಅನುಕರಿಸಬಾರದು. ಬೀಡ್‌ಲಾಕ್ ಇಲ್ಲದವರು ಮರಳಿನಲ್ಲಿ 15ರಿಂದ 18 ಪಿಎಸ್‌ಐ ಬಳಿ ನಿಲ್ಲುವುದು, ತಿರುವುಗಳನ್ನು ನಿಧಾನವಾಗಿ ತೆಗೆದುಕೊಳ್ಳುವುದು ಮತ್ತು ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬುವುದು ಕ್ಷೇಮ.

ಹೆದ್ದಾರಿ:

ಉಕ್ಕಿನ ರಿಮ್ ಮತ್ತು ಅಲಾಯ್ ರಿಮ್‌ಗಳ ನಡುವೆ ಯಾವುದು ಮೇಲು ಎಂಬುದನ್ನೂ ಯಾರಾದರೂ ಹೇಳುವಿರಾ?

ಗ್ಯಾರೇಜಿನವನು:

ಉಕ್ಕು ಹೊಡೆತ ಬಿದ್ದರೆ ಬಾಗುತ್ತದೆ, ಸುತ್ತಿಗೆಯಿಂದ ತಟ್ಟಿ ಗಾಳಿ ನಿಲ್ಲುವಷ್ಟಕ್ಕೆ ಸರಿಪಡಿಸಿಕೊಂಡು ಊರು ಸೇರಬಹುದು. ಎರಕದ ಅಲಾಯ್ ಸಾಮಾನ್ಯವಾಗಿ ಹಗುರ, ಆದರೆ ಮಿತಿ ಮೀರಿದ ಹೊಡೆತಕ್ಕೆ ಬಿರಿಯುತ್ತದೆ. ಸೈಡ್‌ವಾಲ್ ಸಾಕಷ್ಟು ಇದ್ದರೆ ಆ ಹೊಡೆತ ರಿಮ್‌ವರೆಗೆ ಬರುವುದೇ ಅಪರೂಪ. ದೂರದ ನಿರ್ಜನ ಪ್ರದೇಶಗಳಿಗೆ ಹೋಗುವವರು ಉಕ್ಕನ್ನು ಆರಿಸಲಿ. ಉಳಿದವರಿಗೆ ತಯಾರಕರ ಅಲಾಯ್ ಸಾಕು.

ಮಣ್ಣುದಾರಿ:

ನನ್ನ ತೀರ್ಮಾನ ಹೀಗಿದೆ: 17 ಇಂಚಿನ ಶ್ರೇಣಿ, ಅದರ ರಿಮ್, ಅದರ 265/65 ಅಳತೆ. ಹೊರವ್ಯಾಸವನ್ನು ಸದ್ಯಕ್ಕೆ ಬದಲಿಸುವುದಿಲ್ಲ. ಆದರೆ ರಸ್ತೆಯ ಟೈರನ್ನು ತೆಗೆದು ಡಾಂಬರು, ಮಣ್ಣುಹಾದಿ ಎರಡಕ್ಕೂ ಸಲ್ಲುವ ಆಲ್-ಟೆರೇನ್ ಟೈರ್ ಹಾಕಿಸಬೇಕೆಂದಿದ್ದೇನೆ. ಅದೇ ಅಳತೆಯಲ್ಲಿ ಎಲ್‌ಟಿ ಎಂದು ಬರೆದಿರುವುದೂ ಸಿಗುತ್ತದೆ, ಬರೆಯದಿರುವುದೂ ಸಿಗುತ್ತದೆ. ಯಾವುದು? ಸ್ಟೆಪ್ನಿಯನ್ನು ಹಳೆಯದನ್ನೇ ಉಳಿಸಿಕೊಳ್ಳಬಹುದೇ?

ಅಳತೆಪಟ್ಟಿ:

ಎಲ್‌ಟಿ ಎಂದರೆ ಹಗುರ ಟ್ರಕ್ಕುಗಳಿಗಾಗಿ ಮಾಡಿದ ರಚನೆ. ಅದರ ಒಳಪದರಗಳು ಗಟ್ಟಿಯಾಗಿರುತ್ತವೆ, ಕಲ್ಲಿನ ಸೀಳಿಗೆ ಹೆಚ್ಚು ತಡೆ ಒಡ್ಡುತ್ತವೆ. ಬದಲಿಗೆ ತೂಕ ಹೆಚ್ಚು, ಸವಾರಿ ಒರಟು, ಇಂಧನದ ಖರ್ಚೂ ಹೆಚ್ಚು. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಒಂದೇ ಅಳತೆಯ ಎರಡು ಟೈರುಗಳಲ್ಲಿ, ಒಂದೇ ಒತ್ತಡದಲ್ಲಿ, ಎಲ್‌ಟಿ ಟೈರ್ ಹೊರಬಲ್ಲ ಹೊರೆ ಸಾಮಾನ್ಯ ಟೈರಿಗಿಂತ ಕಡಿಮೆ. ಆದ್ದರಿಂದ ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದ ಒತ್ತಡವನ್ನೇ ಎಲ್‌ಟಿ ಟೈರಿಗೂ ತುಂಬಿದರೆ ಸಾಲದಾಗುತ್ತದೆ; ಟೈರ್ ತಯಾರಕರ ಹೊರೆ ಮತ್ತು ಒತ್ತಡದ ಕೋಷ್ಟಕವನ್ನು ನೋಡಿ ಹೆಚ್ಚಿಸಬೇಕು. ಯಾವುದನ್ನೇ ಕೊಂಡರೂ ಲೋಡ್ ಇಂಡೆಕ್ಸ್ ಮೂಲ ಟೈರಿನದಕ್ಕಿಂತ ಕಡಿಮೆ ಇರಬಾರದು: 112 ಎಂದಿದ್ದರೆ ಒಂದು ಟೈರ್ 1,120 ಕಿಲೋಗ್ರಾಂ ಹೊರುತ್ತದೆ, 116 ಎಂದಿದ್ದರೆ 1,250. ವೇಗದ ಅಕ್ಷರವನ್ನೂ ನೋಡಿಕೊಳ್ಳಿ. ಕ್ಯೂ ಎಂದರೆ ಗಂಟೆಗೆ 160, ಎಸ್ ಎಂದರೆ 180, ಟಿ ಎಂದರೆ 190 ಕಿಲೋಮೀಟರ್ ಗರಿಷ್ಠ ಮಿತಿ.

ವಾಹನದಲ್ಲಿ ಸದಾ ಪೂರ್ತಿ ಕುಟುಂಬ, ಸಾಮಾನು, ಮೇಲ್ಛಾವಣಿಯ ಮೇಲೆ ಹೊರೆ ಇದ್ದು ಚೂಪುಗಲ್ಲಿನ ಹಾದಿಗಳೇ ಹೆಚ್ಚಾದರೆ ಎಲ್‌ಟಿ ತಕ್ಕದ್ದು. ನೀವು ಬರೆದ ಬಳಕೆಗೆ ಸಾಮಾನ್ಯ ರಚನೆಯ ಆಲ್-ಟೆರೇನ್ ಟೈರ್ ಸಾಕೆಂದು ನನಗನಿಸುತ್ತದೆ.

ಗ್ಯಾರೇಜಿನವನು:

ಸ್ಟೆಪ್ನಿಯ ವಿಷಯ: ಐದನ್ನೂ ಒಟ್ಟಿಗೆ ಬದಲಿಸಿ, ಐದನ್ನೂ ಸರದಿಯಲ್ಲಿ ಓಡಿಸಿ. ಅಳತೆ ಒಂದೇ ಬರೆದಿದ್ದರೂ ರಸ್ತೆಯ ಟೈರಿಗೂ ಆಲ್-ಟೆರೇನ್ ಟೈರಿಗೂ ಟ್ರೆಡ್ಡಿನ ಆಳ ಬೇರೆ, ಆದ್ದರಿಂದ ಸುತ್ತಳತೆಯೂ ಬೇರೆ. ಸದಾ ನಾಲ್ಕು ಚಕ್ರಗಳಿಗೂ ಬಲ ಹೋಗುವ ವಾಹನದಲ್ಲಿ ಒಂದು ಚಕ್ರ ಉಳಿದವಕ್ಕಿಂತ ಬೇರೆ ವೇಗದಲ್ಲಿ ತಿರುಗುತ್ತಿದ್ದರೆ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಬೇಕಾದಾಗ ಮಾತ್ರ ಫೋರ್-ವೀಲ್ ಹಾಕುವ ವಾಹನದಲ್ಲಿ ಹಿಡಿತವಿರುವ ನೆಲದ ಮೇಲೆ ಇಡೀ ಪ್ರಸರಣ ವ್ಯವಸ್ಥೆ ಬಿಗಿದುಕೊಳ್ಳುತ್ತದೆ. ಹೊಸ ಚಕ್ರಗಳನ್ನು ಹಾಕಿಸಿದ ಮೇಲೆ ಮೊದಲ 100 ಕಿಲೋಮೀಟರಿನೊಳಗೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿದು ನೋಡಿ; ಎಷ್ಟು ಬಿಗಿಯಬೇಕೆಂಬ ಅಂಕಿ ವಾಹನದ ಕೈಪಿಡಿಯಲ್ಲಿರುತ್ತದೆ.